ದುಬೈಯಲ್ಲಿ ಕಾರಿಲ್ಲದ ಸಂಸಾರ: ನನ್ನ ಲೆಕ್ಕ, ನನ್ನ ಅನುಭವ

ಕಾರು ಮಾರಿ ಮೂರು ವರ್ಷ ದಾಟಿತು. ಇಷ್ಟು ದಿನ ಬೇಕೆಂದೇ ಬರೆಯಲಿಲ್ಲ. ಒಂದು ಬೇಸಿಗೆ ಕಳೆದ ಕೂಡಲೇ ಬರೆದಿದ್ದರೆ, 'ಇನ್ನೊಂದು ಬೇಸಿಗೆ ಬರಲಿ, ಆಮೇಲೆ ಮಾತಾಡು' ಅನ್ನುತ್ತಿದ್ದರು. ಈಗ ಬೇಸಿಗೆಗಳು ಹೋದವು, ಬಾಡಿಗೆ ಏರಿತು, ಪೆಟ್ರೋಲ್ ಇಳಿಯಿತು, ಮಳೆಯಲ್ಲಿ ಊರೇ ಮುಳುಗಿತು. ಆದರೂ ನನ್ನ ಲೆಕ್ಕ ನಿಂತಿದೆ. ಹಾಗಾಗಿ ಧೈರ್ಯದಿಂದ ಬರೆಯುತ್ತಿದ್ದೇನೆ.

2022ರಲ್ಲಿ ಕಾರು ಮಾರುತ್ತೇನೆ ಅಂದಾಗ ನಮ್ಮ ಊರಿನವರು ಒಬ್ಬರೂ ಒಪ್ಪಲಿಲ್ಲ. 'ಎಂತ ಮಾರಾಯ, ಬ್ಯಾಚುಲರ್ ಆದರೆ ಸರಿ. ಹೆಂಡತಿ, ಮಗು ಇಟ್ಟುಕೊಂಡು ಇಲ್ಲಿ ಕಾರಿಲ್ಲದೆ ಆಗ್ತದಾ?' ಎಂದು ಎಲ್ಲರದ್ದೂ ಒಂದೇ ಮಾತು. ಊರಿನಿಂದ ಅಪ್ಪ ಫೋನಿನಲ್ಲಿ, 'ಅಲ್ಲಿ ನೀರಿಗಿಂತ ಪೆಟ್ರೋಲೇ ಅಗ್ಗ ಅಲ್ವಾ?' ಎಂದು ಕೇಳಿದರು. ಒಂದು ಕಾಲದಲ್ಲಿ ಹಾಗೇ ಇತ್ತು. ಆದರೆ 2015ರ ಆಗಸ್ಟ್‌ನಿಂದ ಯುಎಇಯಲ್ಲಿ ಪೆಟ್ರೋಲಿಗೆ ಸಬ್ಸಿಡಿ ಇಲ್ಲ. ಪ್ರತಿ ತಿಂಗಳ ಕೊನೆಗೆ ಹೊಸ ದರ ಹೇಳುತ್ತಾರೆ. 2022ರ ಜನವರಿಯಲ್ಲಿ ಸ್ಪೆಷಲ್ 95 ಎಂಬ ಪೆಟ್ರೋಲ್ ಲೀಟರಿಗೆ 2.53 ದಿರ್ಹಂ ಇತ್ತು. ಅದೇ ಜುಲೈಯಲ್ಲಿ 4.52. ರೂಪಾಯಿಗೆ ತಿರುಗಿಸಿದರೆ 97ರ ಹತ್ತಿರ. ಆಗ ಬೆಂಗಳೂರಿನಲ್ಲಿ 102. ಎಣ್ಣೆಯ ನಾಡಿಗೆ ಬಂದು ಬೆಂಗಳೂರಿನ ದರ ಕೊಡುವುದು ಅಂದರೆ ಅಪ್ಪನಿಗೆ ನಂಬಿಸುವುದೇ ಕಷ್ಟವಾಯಿತು.

ಆಗ ನಮ್ಮ ಮನೆ ಶಾರ್ಜಾದ ಅಲ್ ನಹ್ದಾದಲ್ಲಿ, ಆಫೀಸು ದುಬೈಯ ಅಲ್ ಬರ್ಶಾದಲ್ಲಿ. ಈ ದಾರಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಬೆಳಿಗ್ಗೆ ಇತ್ತಿಹಾದ್ ರಸ್ತೆ ಹಿಡಿದರೆ ಒಂದೂವರೆ ಗಂಟೆ. ಸಂಜೆ ಅದಕ್ಕೂ ಜಾಸ್ತಿ. ಗಾಡಿ 2016ರ ನಿಸ್ಸಾನ್ ಸನ್ನಿ. ದಿನಕ್ಕೆ 70 ಕಿಲೋಮೀಟರ್ ಚಿಲ್ಲರೆ. ಟ್ರಾಫಿಕ್‌ನಲ್ಲಿ ಲೀಟರಿಗೆ 12ರ ಮೇಲೆ ಕೊಡುತ್ತಿರಲಿಲ್ಲ.

ಪೆಟ್ರೋಲ್ ಏರಿದ ಸಿಟ್ಟಿನಲ್ಲಿ ಒಂದು ರಾತ್ರಿ ಕೂತು ಎಲ್ಲ ಬರೆದೆ. ನೆನಪಿನಿಂದ ಕೊಡುತ್ತಿದ್ದೇನೆ, ಹತ್ತಿಪ್ಪತ್ತು ಆಚೀಚೆ ಆಗಬಹುದು. ತಿಂಗಳಿಗೆ ಪೆಟ್ರೋಲ್ 760 ದಿರ್ಹಂನಷ್ಟು. ಜನವರಿಯಲ್ಲಿ ಇದೇ 430 ಇತ್ತು. ಸಾಲಿಕ್, ಅಂದರೆ ದುಬೈಯ ರಸ್ತೆ ಟೋಲ್, 500ಕ್ಕೂ ಮೇಲೆ, ಯಾಕೆಂದರೆ ಒಂದು ಕಡೆಗೆ ಮೂರು ಗೇಟು, ಗೇಟಿಗೆ 4. ಕಾರಿನ ಸಾಲದ ಕಂತು 650. ಪಾರ್ಕಿಂಗ್ 250. ಮೊದಲು ಆಫೀಸಿನ ಹಿಂದೆ ಮರಳಿನ ಖಾಲಿ ಜಾಗ ಇತ್ತು, ಬಿಟ್ಟಿ ನಿಲ್ಲಿಸುತ್ತಿದ್ದೆವು. ಅಲ್ಲಿ ಕಟ್ಟಡ ಎದ್ದ ಮೇಲೆ ಈ ಖರ್ಚು ಶುರುವಾಯಿತು. ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಸರ್ವೀಸ್, ಟಯರು, ಈ ಬಿಸಿಲಿಗೆ ಎರಡು ವರ್ಷ ಬಾಳದ ಬ್ಯಾಟರಿ, ಎಲ್ಲ ಸೇರಿ ವರ್ಷಕ್ಕೆ ನಾಲ್ಕೂವರೆ ಸಾವಿರ, ಅಂದರೆ ತಿಂಗಳಿಗೆ 375. ಒಟ್ಟು ಎರಡೂವರೆ ಸಾವಿರದ ಮೇಲೆ.

ಆ ಕಾಗದ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪೆಟ್ರೋಲ್ ಅಷ್ಟು ಏರಿದರೂ ಕಾರಿನ ಒಟ್ಟು ಖರ್ಚಿನಲ್ಲಿ ಮೂರರಲ್ಲಿ ಒಂದು ಪಾಲೂ ಆಗಿರಲಿಲ್ಲ. ನಾವೆಲ್ಲ ಬೈಯುತ್ತಿದ್ದುದು ಪೆಟ್ರೋಲಿಗೆ. ದುಡ್ಡು ಹೋಗುತ್ತಿದ್ದುದು ಬೇರೆ ಕಡೆ. ಅದರ ಮೂಲ ನಮ್ಮ ಮನೆ ಇದ್ದ ಜಾಗ. ಶಾರ್ಜಾದಲ್ಲಿ ಬಾಡಿಗೆ ಅಗ್ಗ ಎಂದು ಅಲ್ಲಿದ್ದೆವು. ಅಲ್ಲಿ ಉಳಿಸಿದ್ದನ್ನು ರಸ್ತೆಯ ಮೇಲೆ ಚೆಲ್ಲುತ್ತಿದ್ದೆವು.

ಮನೆ ಬದಲಿಸುವ ತೀರ್ಮಾನಕ್ಕೆ ತಕ್ಷಣ ಬರಲಿಲ್ಲ. ಮೊದಲು ಅಗ್ಗದ ದಾರಿಗಳನ್ನೆಲ್ಲ ಹಿಡಿದು ನೋಡಿದೆ.

ಮೊದಲನೆಯದು ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆ. ಸಾಲಿಕ್ ಇಲ್ಲ, ಸುತ್ತಿಕೊಂಡು ಹೋಗಬಹುದು. ಗೇಟಿನ ದುಡ್ಡು ಉಳಿಯಿತು ನಿಜ. ಕಿಲೋಮೀಟರ್ ಜಾಸ್ತಿಯಾಯಿತು, ಹೊತ್ತೂ ಜಾಸ್ತಿ. 4.52ರ ಪೆಟ್ರೋಲಿನಲ್ಲಿ ಉಳಿದದ್ದರ ಅರ್ಧ ಅಲ್ಲೇ ಕರಗಿತು. ಎರಡು ವಾರದಲ್ಲಿ ಕೈಬಿಟ್ಟೆ.

ಎರಡನೆಯದು ಶಾರ್ಜಾದಲ್ಲೇ ಇದ್ದುಕೊಂಡು ಇ303 ಬಸ್ಸಿನಲ್ಲಿ ದುಬೈಯ ಯೂನಿಯನ್ ಸ್ಟೇಷನ್‌ಗೆ ಬಂದು ಮೆಟ್ರೋ ಹಿಡಿಯುವುದು. ಕಾರು ಮನೆಯ ಕೆಳಗೇ ಇತ್ತು. ಬಸ್ಸು ಒಳ್ಳೆಯದೇ, ಎಸಿ ಇದೆ. ಆದರೆ ಬಸ್ಸಿಗೂ ಅದೇ ಇತ್ತಿಹಾದ್ ರಸ್ತೆ, ಅದೇ ಸಾಲು. ಮೇಲಿಂದ ಬಸ್ ಸ್ಟ್ಯಾಂಡ್ ತಲುಪಲು ಟ್ಯಾಕ್ಸಿ. ಸಂಜೆ ಯೂನಿಯನ್‌ನಲ್ಲಿ ಕ್ಯೂ ಉದ್ದ ನೋಡಿಯೇ ಸುಸ್ತಾಗುತ್ತದೆ. ಕಾರು ನಿಂತಲ್ಲೇ ಇದ್ದರೂ ಕಂತು, ಇನ್ಶೂರೆನ್ಸ್ ನಿಲ್ಲುವುದಿಲ್ಲ ಅಲ್ವಾ? ಎರಡೂ ಖರ್ಚು ಒಟ್ಟಿಗೆ ಬಂತು. ಈ ಅರ್ಧಂಬರ್ಧ ವ್ಯವಸ್ಥೆಯೇ ಎಲ್ಲಕ್ಕಿಂತ ದುಬಾರಿ ಎಂದು ನನ್ನ ಖಚಿತ ಅಭಿಪ್ರಾಯ. ಕಾರು ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡುವವರಿಗೆ ಏನೂ ಉಳಿಯುವುದಿಲ್ಲ.

ಕಾರ್ ಲಿಫ್ಟ್ ಬಗ್ಗೆ ಅನೇಕರು ಹೇಳಿದರು. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಯಾರೋ ತಮ್ಮ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ಪರ್ಮಿಟ್ ಇಲ್ಲದೆ ದುಡ್ಡಿಗೆ ಜನ ಕೂರಿಸುವುದು ಇಲ್ಲಿ ಕಾನೂನಿಗೆ ವಿರುದ್ಧ, ದಂಡವೂ ದೊಡ್ಡದು. ಏನಾದರೂ ಆದರೆ ಇನ್ಶೂರೆನ್ಸೂ ಕೈಹಿಡಿಯುವುದಿಲ್ಲ. ಅದರ ಹತ್ತಿರವೂ ಹೋಗಲಿಲ್ಲ. ನೀವೂ ಹೋಗಬೇಡಿ.

ಕೊನೆಗೆ ಉಳಿದದ್ದು ಒಂದೇ: ದುಬೈ ಮೆಟ್ರೋದ ಗ್ರೀನ್ ಲೈನ್ ಪಕ್ಕಕ್ಕೆ ಮನೆ ಬದಲಿಸುವುದು. ಮಗಳ ಶಾಲೆ ಅಲ್ ಕುಸೈಸ್‌ನಲ್ಲೇ ಇತ್ತು, ಹಾಗಾಗಿ ಅಲ್ಲೇ ಹುಡುಕಿದೆ. ಹೊಸ ಕಟ್ಟಡಗಳಲ್ಲಿ ಒಂದು ಬೆಡ್‌ರೂಮಿಗೆ ವರ್ಷಕ್ಕೆ 42, 45 ಸಾವಿರ ಹೇಳಿದರು. ಅದಕ್ಕೆ ಹೋದರೆ ಲೆಕ್ಕ ಮುರಿಯುತ್ತದೆ. ಜಿಮ್ ಬೇಡ, ಈಜುಕೊಳ ಬೇಡ, ಹಳೆಯ ಕಟ್ಟಡವೇ ಸಾಕು ಎಂದು ಸಂಜೆ ಸಂಜೆ ನಡೆದುಕೊಂಡೇ ಹುಡುಕಿದೆ. ಸ್ಟೇಷನ್‌ನಿಂದ ನನ್ನ ಹೆಜ್ಜೆಯಲ್ಲಿ 12 ನಿಮಿಷದೊಳಗೆ ಇರಬೇಕು, ಅದೊಂದೇ ಷರತ್ತು. ಜಾಹೀರಾತಿನಲ್ಲಿ 'ಮೆಟ್ರೋ ಹತ್ತಿರ' ಎಂದಿರುವುದನ್ನು ನಂಬಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ ನಡೆದು ನೋಡಿ. ನಡುವೆ ದಾಟಲಾಗದ ದೊಡ್ಡ ರಸ್ತೆ ಇದ್ದರೆ ಐದು ನಿಮಿಷದ ದಾರಿ ಇಪ್ಪತ್ತು ನಿಮಿಷವಾಗುತ್ತದೆ. ಹತ್ತಾರು ಮನೆ ನೋಡಿದ ಮೇಲೆ 36 ಸಾವಿರಕ್ಕೆ ಒಂದು ಸಿಕ್ಕಿತು. ಲಿಫ್ಟು ಹಳೆಯದು, ಅಡುಗೆಮನೆ ಚಿಕ್ಕದು, ಗೋಡೆ ಗಟ್ಟಿ. ವರ್ಷದ ಬಾಡಿಗೆಯನ್ನು ನಾಲ್ಕೇ ಚೆಕ್‌ಗಳಲ್ಲಿ ಕೊಡಬೇಕು ಎಂದಿದ್ದವರನ್ನು ಆರು ಚೆಕ್‌ಗಳಿಗೆ ಒಪ್ಪಿಸಿದೆ. ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲೇ ಇರಲಿ, ಇನ್ನೂ ಅದೇ ಮನೆಯಲ್ಲಿದ್ದೇನೆ.

ಮನೆ ಬದಲಿಸುವ ಖರ್ಚನ್ನು ಹಗುರವಾಗಿ ಎಣಿಸಬೇಡಿ. ಶೇಕಡಾ 5 ಡಿಪಾಸಿಟ್, ಏಜೆಂಟನ ಕಮಿಷನ್, ಕರೆಂಟು-ನೀರಿನ ಡಿಪಾಸಿಟ್ 2,000, ಇಜಾರಿ ಎಂಬ ಬಾಡಿಗೆ ಒಪ್ಪಂದದ ನೋಂದಣಿ, ಸಾಮಾನು ಸಾಗಿಸುವ ಗಾಡಿ ಎಲ್ಲ ಸೇರಿ ಏಳೂವರೆ ಸಾವಿರ ಒಂದೇ ಸಲಕ್ಕೆ ಹೋಯಿತು. ಅದಲ್ಲದೆ ದುಬೈಯಲ್ಲಿ ವರ್ಷದ ಬಾಡಿಗೆಯ ಶೇಕಡಾ 5ರಷ್ಟು ಮುನ್ಸಿಪಾಲಿಟಿ ಫೀ ಕರೆಂಟು ಬಿಲ್ಲಿನ ಜೊತೆ ಕಂತಾಗಿ ಬರುತ್ತದೆ. ನನಗೆ ತಿಂಗಳಿಗೆ 150. ಶಾರ್ಜಾದಿಂದ ಬರುವವರು ಇದನ್ನು ಮರೆತು ಮೊದಲ ಬಿಲ್ಲು ನೋಡಿ ಗಾಬರಿಯಾಗುತ್ತಾರೆ.

ಈ ಏಳೂವರೆ ಸಾವಿರ ಬಂದದ್ದು ಕಾರಿನಿಂದಲೇ. ಆ ವರ್ಷ ಹಳೆಯ ಕಾರುಗಳಿಗೆ ಒಳ್ಳೆಯ ಬೆಲೆ ಇತ್ತು. ಚಿಪ್ ಕೊರತೆಯಿಂದ ಹೊಸ ಗಾಡಿಗಳು ತಡವಾಗುತ್ತಿದ್ದವು. ಸನ್ನಿ 18 ಸಾವಿರಕ್ಕೆ ಹೋಯಿತು. ಸಾಲ 9 ಸಾವಿರದಷ್ಟು ಉಳಿದಿತ್ತು, ಕಟ್ಟಿ ಮುಗಿಸಿದೆ. ಅಲ್ಲಿ ಒಂದು ತಲೆನೋವು. ಬ್ಯಾಂಕಿನಿಂದ ಕ್ಲಿಯರೆನ್ಸ್ ಪತ್ರ ಬರಲು ವಾರಕ್ಕಿಂತ ಹೆಚ್ಚು ಹಿಡಿಯಿತು. ಕೊಳ್ಳುವವನು ದಿನಾ ಫೋನು ಮಾಡಿ ಕೊನೆಗೆ ಬೇರೆ ಗಾಡಿ ತೆಗೆದುಕೊಂಡ. ಎರಡನೆಯ ಗಿರಾಕಿಗೆ ಐನೂರು ಕಡಿಮೆ ಮಾಡಬೇಕಾಯಿತು. ಸಾಲ ಇರುವ ಕಾರಾದರೆ ಮೊದಲು ಸಾಲ ತೀರಿಸಿ, ಪತ್ರ ಕೈಗೆ ಬಂದ ಮೇಲೆ ಜಾಹೀರಾತು ಹಾಕಿ. ಸಾಲಿಕ್ ಟ್ಯಾಗ್ ರದ್ದು ಮಾಡುವುದನ್ನೂ ಅದೇ ದಿನ ಮುಗಿಸಿ.

ಈಗ ಓಡಾಟದ ವಿಷಯ. ಅಲ್ ಕುಸೈಸ್‌ನಿಂದ ಯೂನಿಯನ್, ಅಲ್ಲಿ ರೆಡ್ ಲೈನ್‌ಗೆ ಬದಲಿಸಿ ಮಾಲ್ ಆಫ್ ದಿ ಎಮಿರೇಟ್ಸ್. ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಒಂದು ಗಂಟೆ ಹತ್ತು, ಹದಿನೈದು ನಿಮಿಷ. ಮುಖ್ಯ ಅಂದರೆ ದಿನಾ ಅಷ್ಟೇ. ಮುಂದೆ ಯಾವ ಗಾಡಿ ಡಿಕ್ಕಿ ಹೊಡೆದಿದೆ ಎಂಬ ಚಿಂತೆ ಇಲ್ಲ.

ಪಾಸಿನ ಬಗ್ಗೆ ಒಂದು ಮಾತು, ಯಾಕೆಂದರೆ ತುಂಬ ಜನ ಲೆಕ್ಕ ಹಾಕದೆ ತೆಗೆಯುತ್ತಾರೆ. ಮೆಟ್ರೋ, ಬಸ್ಸಿಗೆ ಬಳಸುವ ಸಿಲ್ವರ್ ನೋಲ್ ಕಾರ್ಡಿನಲ್ಲಿ ಎರಡು ಝೋನ್ (ದರದ ವಲಯ) ಮೀರಿದರೆ ಒಂದು ಸಲಕ್ಕೆ 7.50. ಹೋಗಿ ಬಂದು 15, ತಿಂಗಳಿಗೆ 22 ದಿನ ಕೆಲಸ ಅಂದರೆ 330. ಎಲ್ಲ ಝೋನಿನ ತಿಂಗಳ ಪಾಸು 350. ಆಫೀಸಿಗೆ ಮಾತ್ರ ಹೋಗುವವರಿಗೆ ಪಾಸು ನಷ್ಟ! ಶನಿವಾರ, ಭಾನುವಾರವೂ ಸುತ್ತುವವರಿಗೆ ಮಾತ್ರ ಲಾಭ. ನಾನು ಪಾಸು ತೆಗೆಯುತ್ತೇನೆ, ವಾರಾಂತ್ಯದಲ್ಲಿ ಮಗಳನ್ನು ಕರೆದುಕೊಂಡು ಕ್ರೀಕ್ ಕಡೆ, ಬುರ್ ದುಬೈ ಕಡೆ ಹೋಗುವುದು ಇದ್ದೇ ಇದೆ. ರಜೆಗೆ ಊರಿಗೆ ಹೋಗುವ ತಿಂಗಳು ತೆಗೆಯುವುದಿಲ್ಲ. ಮೆಟ್ರೋದಿಂದ ಇಳಿದು 30 ನಿಮಿಷದೊಳಗೆ ಬಸ್ ಹತ್ತಿದರೆ ಅದು ಅದೇ ಪ್ರಯಾಣದ ಲೆಕ್ಕಕ್ಕೆ ಸೇರುತ್ತದೆ, ಇದನ್ನೂ ಬಹಳ ಜನ ಬಳಸುವುದಿಲ್ಲ.

ಬೆಳಿಗ್ಗೆ ಏಳೂವರೆಗೆ ಯೂನಿಯನ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಆರೂಮುಕ್ಕಾಲಕ್ಕೇ ದಾಟುತ್ತೇನೆ, ಆಫೀಸಿನಲ್ಲಿ ಬೇಗ ಬಂದು ಬೇಗ ಹೋಗಲು ಒಪ್ಪಿಗೆ ಪಡೆದಿದ್ದೇನೆ. ಗ್ರೀನ್ ಲೈನ್‌ನಲ್ಲಿ ಯಾವ ಬಾಗಿಲಲ್ಲಿ ನಿಂತರೆ ಯೂನಿಯನ್‌ನ ಎಸ್ಕಲೇಟರ್ ಎದುರೇ ಇಳಿಯಬಹುದು ಎಂಬುದನ್ನು ಕಂಡುಹಿಡಿಯಲು ನನಗೆ ತಿಂಗಳುಗಟ್ಟಲೆ ಬೇಕಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಅಲ್ಲಿ ನನಗೇ ಜಾಗ ಇರುವುದಿಲ್ಲ.

ಬಿಸಿಲು. ಎಲ್ಲರೂ ಕೇಳುವುದು ಇದನ್ನೇ. ಜುಲೈ, ಆಗಸ್ಟ್‌ನಲ್ಲಿ 12 ನಿಮಿಷ ನಡೆದರೆ ಅಂಗಿ ಒದ್ದೆ, ಅದರಲ್ಲಿ ಎರಡು ಮಾತಿಲ್ಲ. ಸೆಕೆ ನಮ್ಮ ಕರಾವಳಿಯವರಿಗೆ ಹೊಸದಲ್ಲ, ಆದರೆ 45 ಡಿಗ್ರಿ ಹೊಸದು. ಆಫೀಸಿನ ಡ್ರಾಯರಿನಲ್ಲಿ ಮೂರು ಇಸ್ತ್ರಿ ಅಂಗಿ, ಒಂದು ಟವೆಲ್ ಇಟ್ಟಿದ್ದೇನೆ. ಟೀ ಶರ್ಟಿನಲ್ಲಿ ಹೋಗಿ ಅಲ್ಲಿ ಬದಲಿಸುತ್ತೇನೆ. ಕೊಡೆ ಹಿಡಿಯಲು ನಾಚಿಕೆ ಬೇಡ. ಬೆಳಿಗ್ಗೆ ಬೇಗ ಹೊರಡುವುದರಿಂದ ಕಷ್ಟ ಇರುವುದು ಸಂಜೆ ಮಾತ್ರ, ಮನೆಗೆ ಬಂದು ಸ್ನಾನ ಮಾಡಿದರೆ ಮುಗಿಯಿತು.

ಈ ನಡಿಗೆ ಕಡಿಮೆ ಮಾಡಲು ಒಂದೆರಡು ಪ್ರಯೋಗ ಮಾಡಿದೆ. ಮಡಚುವ ಸೈಕಲ್ ಹಳೆಯದು 400ಕ್ಕೆ ತಂದೆ. ಮೆಟ್ರೋದಲ್ಲಿ ಒಯ್ಯಲು ಬಿಡುತ್ತಾರೆ. ಆದರೆ ಬೆಳಗಿನ ನೂಕುನುಗ್ಗಲಲ್ಲಿ ಅದನ್ನು ಹಿಡಿದು ನಿಂತರೆ ಅಕ್ಕಪಕ್ಕದವರ ಮುಖ ನೋಡಲಾಗುವುದಿಲ್ಲ. ಈಗ ಮಗಳಿಗೆ ಸಂಜೆ ಆಡಲು ಇದೆ. ಆಮೇಲೆ ಇ-ಸ್ಕೂಟರ್. ಇದು ನಿಜವಾಗಿ ಒಳ್ಳೆಯದಿತ್ತು, 12 ನಿಮಿಷ ನಾಲ್ಕಕ್ಕೆ ಇಳಿಯಿತು. ಡ್ರೈವಿಂಗ್ ಲೈಸೆನ್ಸ್ ಇರುವವರಿಗೆ ಬೇರೆ ಪರ್ಮಿಟ್ ಬೇಕಿಲ್ಲ. ಅಷ್ಟರಲ್ಲಿ 2024ರ ಮಾರ್ಚ್‌ನಲ್ಲಿ ಮೆಟ್ರೋದೊಳಗೆ ಇ-ಸ್ಕೂಟರ್ ಒಯ್ಯುವುದನ್ನು ನಿಲ್ಲಿಸಿದರು. ಅದೇ ವರ್ಷದ ಕೊನೆಗೆ ಮಡಚುವ, ಸೀಟಿಲ್ಲದ ಸ್ಕೂಟರಿಗೆ ಅಳತೆ, ತೂಕದ ನಿಯಮ ಹಾಕಿ ಮತ್ತೆ ಬಿಟ್ಟರು. ಅಷ್ಟು ಹೊತ್ತಿಗೆ ನಾನು ಮಾರಿ ಆಗಿತ್ತು. ನಿಮ್ಮ ವ್ಯವಸ್ಥೆಯನ್ನು ಇಂಥ ಒಂದು ನಿಯಮದ ಮೇಲೆ ನಿಲ್ಲಿಸಬೇಡಿ. ಕಾಲಿನ ಮೇಲೆ ನಿಲ್ಲಿಸಿ.

ಮನೆ ಸಾಮಾನಿಗೆ ಕಾರು ಬೇಕು ಅನ್ನುವುದು ಇನ್ನೊಂದು ವಾದ. ಕೆಳಗಿನ ಗ್ರೋಸರಿಯ ಕೇರಳದ ಚೇಟ ಒಂದು ಫೋನಿಗೆ ಅಕ್ಕಿ ಮೂಟೆ, ನೀರಿನ ಕ್ಯಾನ್ ಎಲ್ಲ ಬಾಗಿಲಿಗೆ ಕಳಿಸುತ್ತಾನೆ. ತಿಂಗಳಿಗೊಮ್ಮೆ ದೊಡ್ಡ ಖರೀದಿಗೆ ಲುಲುಗೆ ಬಸ್ಸಿನಲ್ಲಿ ಹೋಗಿ, ಬರುವಾಗ ಟ್ಯಾಕ್ಸಿ. ಕಾರಿದ್ದಾಗ ಸುಮ್ನೆ ಮಾಲ್‌ಗೆ ಹೋಗಿ ಬೇಡದ್ದೆಲ್ಲ ತರುತ್ತಿದ್ದೆವು, ಆ ಖರ್ಚು ನಿಂತದ್ದನ್ನು ನನ್ನ ಹೆಂಡತಿಯೇ ಮೊದಲು ಗಮನಿಸಿದ್ದು.

ದೂರದ ಓಡಾಟಕ್ಕೆ ಬಾಡಿಗೆ ಕಾರು. ಅಬುಧಾಬಿಯಲ್ಲಿ 2024ರ ಫೆಬ್ರವರಿಯಲ್ಲಿ ತೆರೆದ ದೇವಸ್ಥಾನಕ್ಕೆ, ಫುಜೈರಾ ಕಡಲಿಗೆ, ರಾಸ್ ಅಲ್ ಖೈಮಾದ ಜೆಬೆಲ್ ಜೈಸ್‌ಗೆ ಮೆಟ್ರೋ ಹೋಗುವುದಿಲ್ಲ. ಚಿಕ್ಕ ಕಾರು ದಿನಕ್ಕೆ 100ರ ಸುತ್ತ. ಇಲ್ಲಿ ನಾನು ದುಡ್ಡು ಕಳೆದುಕೊಂಡೆ. ಒಂದು ಕಂಪನಿ ಸಾವಿರದ ಡಿಪಾಸಿಟ್ ಇಟ್ಟುಕೊಂಡು, ಒಂದು ತಿಂಗಳ ನಂತರ ಬಾಗಿಲಲ್ಲಿ ಗೀರು ಇದೆ ಎಂದು 600 ಕಡಿದುಕೊಂಡಿತು. ಆ ಗೀರು ನಾನು ತೆಗೆದುಕೊಳ್ಳುವಾಗಲೇ ಇತ್ತು, ತೋರಿಸಲು ಫೋಟೋ ಇರಲಿಲ್ಲ. ಅಲ್ಲಿಂದ ಗಾಡಿಯ ಸುತ್ತ ವಿಡಿಯೋ ಮಾಡಿ, ಅಲ್ಲೇ ಅವರಿಗೆ ವಾಟ್ಸಾಪ್ ಕಳಿಸಿ ಆಮೇಲೆ ಕೀ ತೆಗೆದುಕೊಳ್ಳುತ್ತೇನೆ. ಮತ್ತೆ ಒಂದು ಪೈಸೆ ಹೋಗಿಲ್ಲ. ಈಗ ಒಬ್ಬರು ಡಿಪಾಸಿಟ್ ಇಲ್ಲದೆ ಕೊಡುತ್ತಾರೆ. ಅವರ ನಂಬರ್ ಕೇಳಬೇಡಿ, ಅವರ ಹತ್ತಿರ ಇರುವುದು ನಾಲ್ಕೇ ಗಾಡಿ.

ಈಗಿನ ಲೆಕ್ಕ ಹೇಳಿಬಿಡುತ್ತೇನೆ. ಬಾಡಿಗೆಯಲ್ಲಿ ಹೆಚ್ಚಾದದ್ದು ಮೊದಲ ವರ್ಷ ತಿಂಗಳಿಗೆ 900. ಮುನ್ಸಿಪಾಲಿಟಿ 150. ಪಾಸು 350. ಟ್ಯಾಕ್ಸಿ 200. ಬಾಡಿಗೆ ಕಾರು, ಅದರ ಪೆಟ್ರೋಲ್ ಸೇರಿ 300. ಒಟ್ಟು 1,900. ಮೊದಲು ಎರಡೂವರೆ ಸಾವಿರದ ಮೇಲಿತ್ತು. ಇದಲ್ಲದೆ ಮಗಳ ಶಾಲಾ ಬಸ್ಸಿನ ಫೀ ತಿಂಗಳಿಗೆ 400ರಷ್ಟು ನಿಂತಿತು, ಈಗ ಅಮ್ಮನ ಜೊತೆ ನಡೆದೇ ಹೋಗುತ್ತಾಳೆ. ತಿಂಗಳಿಗೆ ಸಾವಿರ ದಿರ್ಹಂ ಹೆಚ್ಚು ಕಡಿಮೆ ಉಳಿಯಿತು. ಊರಿನ ಮನೆ ಸಾಲದ ಮೇಲೆ ಹಾಕಿದೆ, ನಾಲ್ಕು ವರ್ಷ ಇದ್ದದ್ದು ಈಗ ಮುಗಿಯುವ ಹಂತದಲ್ಲಿದೆ.

ಪೆಟ್ರೋಲ್ ಮತ್ತೆ ಎರಡೂವರೆಯ ಆಸುಪಾಸಿಗೆ ಇಳಿದಾಗ, 'ಈಗಲಾದರೂ ತೆಗೆದುಕೋ' ಎಂದರು. ಅವರಿಗೆ ನಾನು ತೋರಿಸಿದ್ದು ಸಾಲಿಕ್. 2024ರ ನವೆಂಬರ್‌ನಲ್ಲಿ ಎರಡು ಹೊಸ ಗೇಟು ಬಂದವು. 2025ರ ಜನವರಿ ಕೊನೆಯಿಂದ ಬೆಳಿಗ್ಗೆ, ಸಂಜೆಯ ದಟ್ಟಣೆ ಹೊತ್ತಿಗೆ 4 ಇದ್ದದ್ದು 6 ಆಯಿತು. ಪೆಟ್ರೋಲ್ ಏರಿ ಇಳಿಯುತ್ತದೆ. ಆಫೀಸಿನ ಹೊತ್ತಿನ ಗೇಟಿನ ದರ ಇಳಿದದ್ದನ್ನು ನಾನು ನೋಡಿಲ್ಲ.

2024ರ ಏಪ್ರಿಲ್ 16ರ ಮಳೆಯ ವಿಷಯದಲ್ಲಿ ಎರಡೂ ಕಡೆ ಹೇಳಬೇಕು. ಪರಿಚಯದವರ ಎಷ್ಟೋ ಕಾರುಗಳು ಬೇಸ್‌ಮೆಂಟಿನಲ್ಲೇ ಮುಳುಗಿದವು. ಪ್ರವಾಹ ಸೇರದ ಅಗ್ಗದ ಇನ್ಶೂರೆನ್ಸ್ ಇದ್ದವರು ಪೂರ್ತಿ ಕಳೆದುಕೊಂಡರು. ನನಗೆ ಅದಿಲ್ಲ. ಆದರೆ ಮೆಟ್ರೋ ಕೂಡ ನಿಂತಿತು. ರೆಡ್ ಲೈನ್‌ನ ಕೆಲವು ಸ್ಟೇಷನ್‌ಗಳು ಮೇ ತಿಂಗಳ ತನಕ ತೆರೆಯಲೇ ಇಲ್ಲ, ಬದಲಿ ಬಸ್ಸಿನಲ್ಲಿ ಎರಡು ಗಂಟೆ ಹಿಡಿದ ದಿನಗಳಿದ್ದವು. ಮನೆಯಿಂದ ಕೆಲಸ ಮಾಡಲು ಒಪ್ಪದ ಆಫೀಸಾದರೆ ಆ ತಿಂಗಳು ಕಷ್ಟವಾಗುತ್ತಿತ್ತು.

ಎಲ್ಲರೂ ಕಾರು ಮಾರಿ ಎಂದು ನಾನು ಹೇಳುವುದಿಲ್ಲ. ಸೇಲ್ಸ್ ಕೆಲಸದವರಿಗೆ, ದಿನಾ ಬೇರೆ ಬೇರೆ ಸೈಟಿಗೆ ಓಡುವ ಎಂಜಿನಿಯರುಗಳಿಗೆ, ಗಂಡ ಹೆಂಡತಿ ಇಬ್ಬರೂ ದುಡಿದು ಕೈಗೂಸನ್ನು ಬೇಬಿ ಸಿಟ್ಟಿಂಗಿಗೆ ಬಿಡುವವರಿಗೆ ಬೇಕೇ ಬೇಕು. ಅಪ್ಪ ಅಮ್ಮ ಬಂದ ಎರಡು ತಿಂಗಳು ನಾನೂ ತಿಂಗಳ ಬಾಡಿಗೆಗೆ ಗಾಡಿ ತೆಗೆದೆ, ಅಪ್ಪನಿಗೆ ಮಂಡಿ ನೋವು. ಆದರೆ ಲೈಸೆನ್ಸ್ ಸಿಕ್ಕಿದ ಮರುವಾರ ಸಾಲ ಮಾಡಿ ಕಾರು ತರುವ ನಮ್ಮ ಹುಡುಗರನ್ನು ನೋಡಿದರೆ ನಿಜಕ್ಕೂ ನೋವಾಗುತ್ತದೆ. ಲೈಸೆನ್ಸಿಗೆ ಆಗಲೇ ಆರು ಸಾವಿರ ಹೋಗಿರುತ್ತದೆ. ಲೈಸೆನ್ಸ್ ಬೇಕು, ಬಾಡಿಗೆ ಕಾರಿಗೆ ಅದೇ ಆಧಾರ. ಕಾರಿಗೆ ಒಂದು ವರ್ಷ ಕಾಯಿರಿ.

ಬಾಡಿಗೆ ಏರಿಸುತ್ತಾರೆ ಎಂಬ ಹೆದರಿಕೆಗೆ ಉತ್ತರ ಇದೆ. ದುಬೈಯಲ್ಲಿ ಒಪ್ಪಂದ ಮುಗಿಯುವ 90 ದಿನ ಮೊದಲೇ ಮಾಲೀಕರು ತಿಳಿಸಬೇಕು, ಸರ್ಕಾರದ ಬಾಡಿಗೆ ಇಂಡೆಕ್ಸ್ ಒಪ್ಪಿದಷ್ಟೇ ಏರಿಸಬೇಕು. ನಮ್ಮ ಕಟ್ಟಡದವರು ಒಮ್ಮೆ ತಿಂಗಳಿರುವಾಗ ಮೆಸೇಜ್ ಹಾಕಿ ಆರು ಸಾವಿರ ಜಾಸ್ತಿ ಕೇಳಿದರು. ನಿಯಮ ತೋರಿಸಿದೆ, ಆ ವರ್ಷ ಒಂದು ದಿರ್ಹಂ ಏರಲಿಲ್ಲ. ಮುಂದಿನ ವರ್ಷ ಸರಿಯಾಗಿ ನೋಟಿಸ್ ಕೊಟ್ಟರು, ಮೂರು ಸಾವಿರದಷ್ಟು ಕೊಟ್ಟೆ. ಅದನ್ನು ಸೇರಿಸಿದರೂ ಕಾರಿಗಿಂತ ಕಡಿಮೆಯೇ.

ಹೊಸದಾಗಿ ಮನೆ ಹುಡುಕುವವರು ಮುಂದೆ ಬರಲಿರುವ ಮೆಟ್ರೋ ಬ್ಲೂ ಲೈನಿನ ನಕ್ಷೆ ತೆರೆದಿಟ್ಟುಕೊಳ್ಳಿ. 14 ಸ್ಟೇಷನ್, ಇಂಟರ್‌ನ್ಯಾಷನಲ್ ಸಿಟಿ, ಸಿಲಿಕಾನ್ ಓಯಸಿಸ್, ಅಕಾಡೆಮಿಕ್ ಸಿಟಿ ಕಡೆ ಹೋಗುತ್ತದೆ, 2029ರ ಸೆಪ್ಟೆಂಬರ್ ಎಂದು ಹೇಳಿದ್ದಾರೆ. ಈಗ ಕಾರಿಲ್ಲದೆ ಆಗದ ಇಂಟರ್‌ನ್ಯಾಷನಲ್ ಸಿಟಿಯ ಸ್ನೇಹಿತರಿಗೆ, ಹೊಸ ಕಾರಿನ ಐದು ವರ್ಷದ ಸಾಲಕ್ಕೆ ಸಹಿ ಹಾಕಬೇಡಿ, ಹಳೆಯದನ್ನೇ ಓಡಿಸಿ ಎಂದು ಹೇಳುತ್ತಿದ್ದೇನೆ. ಮಾರುವ ಮನಸ್ಸಿದ್ದವರು ಜೂನ್, ಜುಲೈಯಲ್ಲಿ ಮಾರಬೇಡಿ. ಆಗ ಊರಿಗೆ ವಾಪಸ್ ಹೋಗುವವರೆಲ್ಲ ಸಿಕ್ಕಿದ ಬೆಲೆಗೆ ಕೊಡುತ್ತಿರುತ್ತಾರೆ. ಶಾಲೆ ಶುರುವಾಗಿ ಜನ ಮರಳಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಹಾಕಿ. ನನ್ನದು ಹೋದದ್ದೂ ಆಗಲೇ.